ಶ್ರೀರಂಗಪಟ್ಟಣದಲ್ಲೇ ಹುಟ್ಟಿದ ಹೆಸರಾಂತರು ಯಾರು? ಹತ್ತು ಹೆಸರು ಬೇಕು, ಅರ್ಜೆಂಟ್

ಪೂರ್ವಕೋಟೆ
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹುಡುಗರು ರಾಜ್ಯೋತ್ಸವಕ್ಕೆ ಒಂದು ಉದ್ದನೆಯ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸಿ, ಊರಿನ ಹತ್ತು ಜನ ಹೆಸರಾಂತರ ಚಿತ್ರ ಬರೆಸಬೇಕು ಅಂತಿದ್ದಾರೆ. ಚಂದಾ ಎತ್ತಿ ಆಗಿದೆ. ಪೇಂಟರ್ ಅಡ್ವಾನ್ಸ್ ಕೂಡ ತಗೊಂಡಿದ್ದಾರೆ. ಹುಡುಗರ ಷರತ್ತು ಒಂದೇ: ಆ ಹತ್ತು ಜನವೂ ಈ ದ್ವೀಪದ ಮೇಲೆ, ನಮ್ಮ ಪುರಸಭೆ ಗಡಿಯೊಳಗೆ ಹುಟ್ಟಿರಬೇಕು. "ಇಲ್ಲಿ ಬಂದು ಹೋದವರು ಬೇಡ, ನಮ್ಮವರೇ ಬೇಕು" ಅಂತ ಹಟ.

ಸುಲಭದ ಕೆಲಸ ಅಂತ ಒಪ್ಪಿಕೊಂಡೆ. ಪಟ್ಟಿ ಮಾಡಲು ಕೂತರೆ ಒಬ್ಬರೂ ನಿಲ್ಲುತ್ತಿಲ್ಲ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಹೈದರಾಲಿ ಕೋಲಾರದ ಬೂದಿಕೋಟೆ. ದಿವಾನ್ ಪೂರ್ಣಯ್ಯ ಕೊಯಮತ್ತೂರು ಸೀಮೆಯವರು. ಇಷ್ಟು ದೊಡ್ಡ ಇತಿಹಾಸ ಇರುವ ಊರಿಗೆ ಸ್ವಂತ ಮಗ ಅಂತ ಒಬ್ಬನೂ ಇಲ್ವಾ?

ಗಂಜಾಂ ಗಿರಾಕಿ
ಟಿಪ್ಪು ಬಿಟ್ಟು ಶ್ರೀರಂಗಪಟ್ಟಣದ ಗೋಡೆನಾ? ಚೆನ್ನಾಗಿದೆ. ಹುಟ್ಟಿದ್ದು ಎಲ್ಲಿ ಅನ್ನೋದು ಯಾಕೆ ಬೇಕು, ಸತ್ತಿದ್ದು ಇಲ್ಲೇ ಅಲ್ವಾ? 1799ರ ಮೇ 4. ಸಮಾಧಿಯೂ ಇಲ್ಲೇ, ಗುಂಬಜ್‌ನಲ್ಲಿ. ಅಪ್ಪ, ಅಮ್ಮ, ಮಗ ಮೂವರೂ ಅಲ್ಲೇ ಮಲಗಿದ್ದಾರೆ.

ತೆಪ್ಪ
ಇನ್ನು ಐದು ನಿಮಿಷದಲ್ಲಿ ಈ ಚರ್ಚೆ ಟಿಪ್ಪು ಜಯಂತಿಗೆ ಹೋಗುತ್ತೆ ನೋಡಿ. ನಾನು ಕಡಲೆಕಾಯಿ ತಗೊಂಡು ಕೂತಿದ್ದೇನೆ.

ನಿರ್ವಾಹಕ
ಹೋಗಲ್ಲ. ಜಯಂತಿ ಜಗಳಕ್ಕೆ ಬೇರೆ ಕಡೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಕೇಳಿರುವ ಪ್ರಶ್ನೆ: ದ್ವೀಪದಲ್ಲಿ ಹುಟ್ಟಿದವರು ಯಾರು. ಅಷ್ಟೇ.

ಮಂಡ್ಯದ ಮೇಷ್ಟ್ರು
ಒಂದು ಹೆಸರು ಖಂಡಿತ ನಿಲ್ಲುತ್ತದೆ. ಅದನ್ನು ಯಾಕೆ ಬಿಟ್ಟಿರಿ ಗೊತ್ತಾಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್. ಹುಟ್ಟಿದ್ದು 1794ರ ಜುಲೈ 14, ಶ್ರೀರಂಗಪಟ್ಟಣದಲ್ಲೇ. ಎಲ್ಲರೂ ಅವರನ್ನು ಮೈಸೂರಿನವರು ಅಂದುಕೊಳ್ಳುತ್ತಾರೆ. ಮೈಸೂರಿಗೆ ಹೋಗಿದ್ದು ಐದನೇ ವಯಸ್ಸಿನಲ್ಲಿ, ಪಟ್ಟ ಕಟ್ಟಿಸಿಕೊಳ್ಳೋಕೆ.

ಆ ಮಗುವಿನ ಕಥೆ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ. 1796ರಲ್ಲಿ ತಂದೆ ಖಾಸಾ ಚಾಮರಾಜ ಒಡೆಯರ್ ಸಿಡುಬಿನಿಂದ ತೀರಿಕೊಂಡರು. ಟಿಪ್ಪು ಬೇರೆ ಯಾರಿಗೂ ಪಟ್ಟ ಕಟ್ಟಲಿಲ್ಲ. ರಾಜಮನೆತನವನ್ನು ಅರಮನೆಯಿಂದ ಹೊರಗೆ ಹಾಕಿದರು. ಎರಡು ವರ್ಷದ ಮಗು, ರಾಣಿ ಲಕ್ಷ್ಮಮ್ಮಣ್ಣಿ, ಉಳಿದ ಹೆಂಗಸರು ಎಲ್ಲಾ ಇದೇ ಊರಿನ ಒಂದು ಸಾಧಾರಣ ಮನೆಯಲ್ಲಿ ದಿನ ದೂಡಿದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕಮಿಷನರುಗಳು ಹುಡುಕಿಕೊಂಡು ಬಂದಾಗ ಸಿಕ್ಕ ರಾಜಕುಮಾರ ಇವರೇ. ಜೂನ್ 30ಕ್ಕೆ ಮೈಸೂರಿನಲ್ಲಿ ಪಟ್ಟ. ಆಗ ಮೈಸೂರಲ್ಲಿ ಅರಮನೆಯೂ ಇರಲಿಲ್ಲ, ಚಪ್ಪರದಲ್ಲೇ ಪಟ್ಟಾಭಿಷೇಕ ನಡೆಯಿತು.

ಪೂರ್ವಕೋಟೆ
ಮೇಷ್ಟ್ರೇ, ಥ್ಯಾಂಕ್ಸ್. ಒಂದು ಆಯ್ತು. ಇನ್ನು ಒಂಬತ್ತು.

ಬಾಬುರಾಯನಕೊಪ್ಪಲು
ಮುಮ್ಮಡಿಯವರನ್ನು ಬರೆಸಿದರೆ ಕಿರೀಟ, ಪೇಟ ಬೇಡ. ಮುಂದೆ ಚದುರಂಗದ ಹಾಸು ಇಟ್ಟು ಬರೆಸಿ. ಚದುರಂಗದ ಕುದುರೆ ಎಲ್ಲಾ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಲೆಕ್ಕಗಳನ್ನು ಕೂತು ಬಿಡಿಸಿದ ದೊರೆ. ಆಟಗಳ ಬಗ್ಗೆ ಅಷ್ಟು ಆಳವಾಗಿ ತಲೆ ಕೆಡಿಸಿಕೊಂಡ ಇನ್ನೊಬ್ಬ ರಾಜ ನನಗೆ ಗೊತ್ತಿಲ್ಲ. 1831ರಲ್ಲಿ ಕಂಪನಿ ಅಧಿಕಾರ ಕಿತ್ತುಕೊಂಡ ಮೇಲೆ ಟೈಮ್ ಬೇರೆ ಜಾಸ್ತಿ ಇತ್ತು.

ಶಾಸನಪ್ರಿಯ
ಇಲ್ಲಿ ಒಂದು ಮೂಲ ವಿಷಯ ಯಾರೂ ಹೇಳುತ್ತಿಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣ ತೆಗೆದುಕೊಂಡರು. ಅಲ್ಲಿಂದ 1799ರವರೆಗೆ, ಹತ್ತಿರ ಹತ್ತಿರ 190 ವರ್ಷ, ರಾಜಧಾನಿ ಇದೇ. ಅಷ್ಟು ವರ್ಷ ಅರಮನೆ ಇದ್ದ ಮೇಲೆ ಎಷ್ಟೋ ಜನ ಇಲ್ಲೇ ಹುಟ್ಟಿರಲೇಬೇಕು. ಆದರೆ ದೊಡ್ಡ ಹೆಸರುಗಳನ್ನು ನೋಡಿದರೆ ಮತ್ತೆ ಹೊರಗಿನವರೇ. ರಣಧೀರ ಕಂಠೀರವ ನರಸರಾಜರು 1638ರಲ್ಲಿ ಪಟ್ಟಕ್ಕೆ ಬಂದಿದ್ದು ತೆರಕಣಾಂಬಿಯಿಂದ. ಚಿಕ್ಕದೇವರಾಜರು 1673ರಲ್ಲಿ ಬಂದಿದ್ದು ಹಂಗಳದಿಂದ, ಎರಡೂ ಗುಂಡ್ಲುಪೇಟೆ ಕಡೆ. ರಾಜಕುಮಾರರನ್ನು ಗದ್ದುಗೆಯಿಂದ ದೂರ ಇಡೋದು ಆಗಿನ ಪದ್ಧತಿ. ಹತ್ತಿರ ಇಟ್ಟುಕೊಂಡರೆ ಯಾವಾಗ ಏನು ಮಾಡುತ್ತಾರೋ!

ಗಂಜಾಂ ಗಿರಾಕಿ
ಅಂದರೆ ದೊರೆಗಳೂ ಟ್ರಾನ್ಸ್‌ಫರ್ ಮೇಲೆ ಬಂದವರೇ. ತಾಲ್ಲೂಕು ಆಫೀಸಿನವರ ಹಾಗೆ.

ಮಂಡ್ಯದ ಮೇಷ್ಟ್ರು
ನಗಬೇಡಿ, ಅದರಲ್ಲಿ ನಿಜ ಇದೆ. ಆದರೆ ಕವಿಗಳನ್ನು ಮರೆಯಬಾರದು. ಚಿಕ್ಕದೇವರಾಜರ ಮಂತ್ರಿ ತಿರುಮಲಾರ್ಯ. ಅವರ ತಂದೆ ಅಳಸಿಂಗರಾರ್ಯರು ಪಟ್ಟಣದಲ್ಲಿ ಪುರಾಣ ಹೇಳುತ್ತಿದ್ದವರು. ತಮ್ಮ ಸಿಂಗರಾರ್ಯ ಬರೆದ 'ಮಿತ್ರವಿಂದಾ ಗೋವಿಂದ' ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ. ಸಂಸ್ಕೃತದ ರತ್ನಾವಳಿಯನ್ನು ಹಿಡಿದು ಬರೆದಿದ್ದು, ಒಪ್ಪುತ್ತೇನೆ. ಆದರೂ ಮೊದಲ ಕನ್ನಡ ನಾಟಕ ಈ ದ್ವೀಪದಲ್ಲಿ ಹುಟ್ಟಿತು ಅಂತ ನಮ್ಮ ಊರಿನ ಎಷ್ಟು ಜನಕ್ಕೆ ಗೊತ್ತು? ಊರಿಗೆ ಬರುವ ಟೂರಿಸ್ಟ್ ಬಸ್ಸಿನಲ್ಲಿ ಯಾರಾದರೂ ಹೇಳುತ್ತಾರಾ?

ಎಳಂದೂರು ಎಳನೀರು
ಕವಯಿತ್ರಿ ಸಂಚಿ ಹೊನ್ನಮ್ಮ ನಮ್ಮವಳು, ಈಗಲೇ ಹೇಳಿಬಿಡುತ್ತೇನೆ. ಪಟ್ಟಣದ ಗೋಡೆಗೆ ಕೊಡಲ್ಲ 😀

ಪೂರ್ವಕೋಟೆ
ಅಯ್ಯೋ, ಹೊನ್ನಮ್ಮ ನನ್ನ ಪಟ್ಟಿಯಲ್ಲಿ ಎರಡನೇ ಹೆಸರು!

ಎಳಂದೂರು ಎಳನೀರು
ಹುಟ್ಟೂರು ಎಳಂದೂರು. ಪಟ್ಟಣಕ್ಕೆ ಬಂದಿದ್ದು ಅರಮನೆ ಕೆಲಸಕ್ಕೆ, ರಾಣಿ ದೇವಾಜಮ್ಮಣ್ಣಿಯವರ ಎಲೆ ಅಡಿಕೆ ಸಂಚಿ ಹಿಡಿಯೋಕೆ. ನಿಮ್ಮ ಷರತ್ತು ನಿಮ್ಮ ಕಾಲಿಗೇ ತೊಡರಿಕೊಂಡಿದೆ.

ತೆಪ್ಪ
"ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು" ಅಂತ ಬರೆದ ಹೆಂಗಸನ್ನು ಹುಟ್ಟಿದ ಊರಿನ ಕಾರಣಕ್ಕೆ ಬಿಟ್ಟರೆ ಆ ಗೋಡೆಗೆ ಸುಣ್ಣ ಮಾತ್ರ ಹೊಡೆಸಿ ಸಾಕು.

ಕಲ್ಕತ್ತಾ ಕನ್ನಡಿಗ
ಕೆಲಸದ ಮೇಲೆ ಕೋಲ್ಕತ್ತಾದಲ್ಲಿದ್ದೇನೆ. ನಿಮ್ಮ ಊರಲ್ಲಿ ಹುಟ್ಟಿದ ಒಬ್ಬರ ಹೆಸರು ಇಲ್ಲಿ ರಸ್ತೆಗೆ ಇದೆ. ಪ್ರಿನ್ಸ್ ಗುಲಾಮ್ ಮೊಹಮ್ಮದ್. ಟಿಪ್ಪುವಿನ ಮಗ. 1795ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ್ದು. ಕೋಟೆ ಬಿದ್ದಾಗ ನಾಲ್ಕು ವರ್ಷದ ಮಗು. ಕುಟುಂಬವನ್ನೆಲ್ಲಾ ವೆಲ್ಲೂರು ಕೋಟೆಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆ ಆದ ಮೇಲೆ ಇನ್ನೂ ದೂರ, ಕಲ್ಕತ್ತಾಕ್ಕೆ. ಇವರು ದೊಡ್ಡವರಾಗಿ ಧರ್ಮತಲಾದಲ್ಲಿ 1842ರಲ್ಲಿ ಕಟ್ಟಿಸಿದ ಮಸೀದಿಯನ್ನು ಇಲ್ಲಿನವರು ಈಗಲೂ ಟಿಪ್ಪು ಸುಲ್ತಾನ್ ಮಸೀದಿ ಅಂತಲೇ ಕರೆಯುತ್ತಾರೆ. ನಗರದ ನಟ್ಟ ನಡುವೆ ಇದೆ, ಬಸ್ಸು, ಮೆಟ್ರೋ, ಜ್ಯೂಸ್ ಗಾಡಿ ಎಲ್ಲಾ ಅದರ ಸುತ್ತ. ತೀರಿಕೊಂಡಿದ್ದು 1872ರಲ್ಲಿ.

ಟಾಲಿಗಂಜ್ ಕಡೆ ಪ್ರಿನ್ಸ್ ಅನ್ವರ್ ಷಾ ರಸ್ತೆ ಅಂತ ಇನ್ನೊಂದಿದೆ. ಅವರೂ ಅದೇ ವಂಶ. ನನ್ನ ಬೆಂಗಾಲಿ ಸಹೋದ್ಯೋಗಿಗಳಿಗೆ "ಇವರು ನಮ್ಮ ಕಡೆಯವರು" ಅಂದರೆ ನಂಬೋದೇ ಇಲ್ಲ.

ಶಾಸನಪ್ರಿಯ
ಒಳ್ಳೆ ಹೆಸರು ತಂದಿರಿ. ಒಂದು ವರ್ಷದ ಅಂತರದಲ್ಲಿ ಒಂದೇ ದ್ವೀಪದಲ್ಲಿ ಎರಡು ಮಕ್ಕಳು. 1794ರಲ್ಲಿ ಹುಟ್ಟಿದ್ದು ಸಾಧಾರಣ ಮನೆಯಿಂದ ಸಿಂಹಾಸನಕ್ಕೆ ಹೋಯಿತು. 1795ರಲ್ಲಿ ಹುಟ್ಟಿದ್ದು ಅರಮನೆಯಿಂದ ಸೆರೆಗೆ ಹೋಯಿತು. ಇಬ್ಬರೂ ಊರು ಬಿಟ್ಟಿದ್ದು ಅದೇ 1799ರಲ್ಲಿ. ಗೋಡೆಯಲ್ಲಿ ಪಕ್ಕ ಪಕ್ಕ ಬರೆಸಿ.

ಗಂಜಾಂ ಗಿರಾಕಿ
ಗುಲಾಮ್ ಮೊಹಮ್ಮದರ ಅಣ್ಣಂದಿರನ್ನೂ ಸೇರಿಸಿ. 1792ರಲ್ಲಿ ಇಂಗ್ಲಿಷರ ಜೊತೆ ಒಪ್ಪಂದ ಆದಾಗ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಸಾಲದ್ದಕ್ಕೆ ಇಬ್ಬರು ಗಂಡು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅಬ್ದುಲ್ ಖಾಲಿಕ್, ಮುಯಿಜುದ್ದೀನ್. ದೊಡ್ಡವನಿಗೆ ಹತ್ತು ವರ್ಷ, ಚಿಕ್ಕವನಿಗೆ ಎಂಟು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಮಕ್ಕಳ ಕೈ ಹಿಡಿದುಕೊಳ್ಳುವ ಚಿತ್ರಗಳನ್ನು ಇಂಗ್ಲೆಂಡಿನಲ್ಲಿ ಎಷ್ಟು ಜನ ಬರೆದರೋ ಲೆಕ್ಕವಿಲ್ಲ. 1794ರಲ್ಲಿ ದುಡ್ಡು ಪೂರ್ತಿ ಕಟ್ಟಿದ ಮೇಲೆ ವಾಪಸ್ ಒಪ್ಪಿಸಿದ್ದು ಎಲ್ಲಿ ಗೊತ್ತಾ? ದೇವನಹಳ್ಳಿಯಲ್ಲಿ. ಅಪ್ಪ ಹುಟ್ಟಿದ ಊರಲ್ಲಿ.

ಪೂರ್ವಕೋಟೆ
ಅವರಿಬ್ಬರೂ ಇಲ್ಲೇ ಹುಟ್ಟಿದ್ದು ಅಂತ ಖಾತ್ರಿ ಇದೆಯಾ?

ಗಂಜಾಂ ಗಿರಾಕಿ
ಇನ್ನೆಲ್ಲಿ ಹುಟ್ಟುತ್ತಾರೆ ಸ್ವಾಮಿ, ಜನಾನಾ, ಅಂದರೆ ಅಂತಃಪುರ, ಇದ್ದಿದ್ದು ಇಲ್ಲಿ!

ಶಾಸನಪ್ರಿಯ
"ಇನ್ನೆಲ್ಲಿ" ಅನ್ನೋದು ಆಧಾರ ಅಲ್ಲ. ಗೋಡೆಗೆ ಗುಲಾಮ್ ಮೊಹಮ್ಮದ್ ಒಬ್ಬರೇ ಸಾಕು.

ಕರಾವಳಿ ಹುಡುಗಿ
ಒತ್ತೆ ಇಟ್ಟ ಮಕ್ಕಳ ಬಗ್ಗೆ ಇಷ್ಟು ಕರುಣೆ ಬರುತ್ತಿದೆ, ಸರಿ. ಇಷ್ಟವಿಲ್ಲದೆ ಈ ದ್ವೀಪಕ್ಕೆ ಬಂದವರ ಬಗ್ಗೆಯೂ ಒಂದು ಮಾತು ಇರಲಿ. 1784ರಲ್ಲಿ ಟಿಪ್ಪು ಕರಾವಳಿಯ ಕೆನರಾದ ಕ್ರೈಸ್ತರನ್ನು ಸಾವಿರಗಟ್ಟಲೆ ಹಿಡಿದು ನಡೆಸಿಕೊಂಡು ಬಂದಿದ್ದು ಇಲ್ಲಿಗೇ. ನಮ್ಮ ಅಜ್ಜಿಯರ ಮನೆಗಳಲ್ಲಿ ಇವತ್ತಿಗೂ "ಪಟ್ಟಣ" ಅಂದರೆ ಒಳ್ಳೆ ನೆನಪಲ್ಲ. ಜಯಂತಿ ಜಗಳ ತೆಗೆಯುತ್ತಿಲ್ಲ, ನಿರ್ವಾಹಕರೇ. ಊರಿನ ಇತಿಹಾಸ ಅಂದ ಮೇಲೆ ಇದೂ ಇತಿಹಾಸವೇ.

ನಿರ್ವಾಹಕ
ಹೌದು, ಇರಲಿ. ಇದರ ಕೆಳಗೆ ಯಾರೂ ಕಿರುಚಾಡಬೇಡಿ. ಎರಡು ಕಾಮೆಂಟ್ ಈಗಾಗಲೇ ತೆಗೆದಿದ್ದೇನೆ.

ಮಂಡ್ಯದ ಮೇಷ್ಟ್ರು
ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಉಳಿದ ಆ ಕ್ರೈಸ್ತರನ್ನು ನೋಡಿಕೊಳ್ಳಲು ಕೋಟೆ ಬಿದ್ದ ಮೇಲೆ ಬಂದವರೇ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಇದೇ ದ್ವೀಪದ ಗಂಜಾಂನಲ್ಲಿ ಅವರ ಚಿಕ್ಕ ಚರ್ಚು ಇದೆ. ಕಾವಿ ಥರದ ಬಟ್ಟೆ, ತಲೆಗೆ ರುಮಾಲು, ಊಟ ತಿಂಡಿ ಎಲ್ಲಾ ನಮ್ಮ ಕಡೆಯದೇ. ಜನ ದೊಡ್ಡಸ್ವಾಮಿಯೋರು ಅಂತ ಕರೆಯುತ್ತಿದ್ದರು. ನಮ್ಮ ಆಚಾರ ವಿಚಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡುಕೊಂಡಿತು. ಅದರಲ್ಲಿ ನಮ್ಮನ್ನು ಬೈದದ್ದೂ ಸಾಕಷ್ಟಿದೆ. ಆದರೆ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದ ಮನುಷ್ಯ. 1803–04ರಲ್ಲಿ 25,432 ಜನರಿಗೆ ಹಾಕಿಸಿದ ಲೆಕ್ಕ ಇದೆ. ಸಿಡುಬು ಆಗ ಅರಮನೆ, ಗುಡಿಸಲು ಅಂತ ನೋಡುತ್ತಿರಲಿಲ್ಲ. ಮುಮ್ಮಡಿಯವರ ತಂದೆಯನ್ನು ಕೊಂದಿದ್ದೂ ಅದೇ.

ಪೂರ್ವಕೋಟೆ
ಮೇಷ್ಟ್ರೇ, ಅವರು ಹುಟ್ಟಿದ್ದು ಫ್ರಾನ್ಸ್! ಪಟ್ಟಿ ಬೆಳೆಯೋ ಬದಲು ಮತ್ತೆ ಹೊರಗಿನವರೇ ತುಂಬುತ್ತಿದ್ದಾರೆ.

ರೈಲ್ವೆ ಮಾವ
ಹೊರಗಿನವರು ಬೇಕಾದರೆ ನನ್ನ ಹತ್ತಿರ ದೊಡ್ಡ ಪಟ್ಟಿ ಇದೆ. ಆರ್ಥರ್ ವೆಲ್ಲೆಸ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ವಾಸ ಮಾಡಿದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿ ಇಂಗ್ಲೆಂಡಿನ ಪ್ರಧಾನಿ ಆದವನು. ಡೇವಿಡ್ ಬೈರ್ಡ್ ಇಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಸೆರೆ ಇದ್ದ, ಆಮೇಲೆ 1799ರಲ್ಲಿ ಅವನೇ ಮುಂದೆ ನಿಂತು ಕೋಟೆಗೆ ನುಗ್ಗಿಸಿದ. ಗ್ಯಾರಿಸನ್ ಸ್ಮಶಾನದಲ್ಲಿ ಸ್ವಿಸ್ ಸೈನಿಕರು ಮಲಗಿದ್ದಾರೆ, ಡಿ ಮ್ಯೂರಾನ್ ರೆಜಿಮೆಂಟಿನವರು. ಮೊದಲು ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದರು, ಆಮೇಲೆ ಇಂಗ್ಲಿಷರ ಸಂಬಳಕ್ಕೆ ಬಂದರು, ಕೊನೆಗೆ ಇಲ್ಲಿ ಜ್ವರಕ್ಕೆ ಹೋದರು. ನೀರು ನಿಂತ ದ್ವೀಪ, ಸೊಳ್ಳೆ ಕಾಟ. ಅದಕ್ಕೇ 1809ರಲ್ಲಿ ಬೆಂಗಳೂರಲ್ಲಿ ದಂಡು ಪ್ರದೇಶ ಶುರುವಾಗಿದ್ದು. ನಮ್ಮ ಊರಿನ ಸೊಳ್ಳೆ ಇಲ್ಲದಿದ್ದರೆ ಇವತ್ತು ಕಂಟೋನ್‌ಮೆಂಟ್ ಸ್ಟೇಷನ್ ಇರುತ್ತಿರಲಿಲ್ಲ.

ಬಾಬುರಾಯನಕೊಪ್ಪಲು
ಸೊಳ್ಳೆಯ ಚಿತ್ರವೂ ಬರೆಸಿ. ಹುಟ್ಟಿದ್ದು ಖಂಡಿತ ಇಲ್ಲೇ.

ತೆಪ್ಪ
👆 ಈ ಚರ್ಚೆಯ ಅತಿ ಸರಿಯಾದ ಉತ್ತರ.

ಸೀಬೆಮರ
ವಿಷಯಕ್ಕೆ ಬರೋಣ. "ಸ್ವಂತ ಮಕ್ಕಳು ಇಲ್ವಾ" ಅನ್ನೋ ಪ್ರಶ್ನೆಗೆ ಉತ್ತರ ಊರಿನ ಜನಸಂಖ್ಯೆಯಲ್ಲಿದೆ. ಕಂಪನಿಯ ಪರವಾಗಿ ಸಮೀಕ್ಷೆ ಮಾಡಿದ ಬುಕಾನನ್ 1800ರಲ್ಲಿ ಬಂದಾಗ ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಅಂತ ಅಂದಾಜು ಮಾಡಿದ. ಹೆಚ್ಚು ಕಮ್ಮಿ ಐದು ಕಿಲೋಮೀಟರ್ ಉದ್ದ, ಒಂದೂವರೆ ಅಗಲದ ಜಾಗ ಇದು! ಆ ಜನ ಎಲ್ಲಿಂದ ಬಂದರು? ಗಂಜಾಂ ತುಂಬಿಸೋಕೆ ಶಿರಾದಿಂದ 12,000 ಕುಟುಂಬ ತಂದರು ಅಂತ ಹಳೇ ಗೆಜೆಟಿಯರ್ ಹೇಳುತ್ತದೆ. ಸೈನಿಕರು, ಫಿರಂಗಿ ಎರಕದವರು, ಫ್ರೆಂಚ್ ಕುಶಲಕರ್ಮಿಗಳು, ಸೆರೆಯವರು. 1799ರ ನಂತರ ಸೈನ್ಯ ಕರಗಿತು, ಕಚೇರಿ ಮೈಸೂರಿಗೆ ಹೋಯಿತು, ಜ್ವರ ಉಳಿಯಿತು. 1901ರ ಜನಗಣತಿಗೆ ಊರಲ್ಲಿದ್ದವರು 8,584 ಜನ.

ಅಂದರೆ ಎರಡು ತಲೆಮಾರು ತುಂಬಿಸಿದರು, ನಾಲ್ಕು ತಲೆಮಾರು ಖಾಲಿ ಮಾಡಿದರು. ಇಂಥ ಊರಿನಲ್ಲಿ ಹುಟ್ಟಿದವರ ಪಟ್ಟಿ ಉದ್ದ ಇರಲ್ಲ. ಇದಕ್ಕೆ ನಾಚಿಕೆ ಪಡಬೇಕಾಗಿಲ್ಲ. ನನ್ನ ಪ್ರಕಾರ ಷರತ್ತೇ ತಪ್ಪು.

ಪೂರ್ವಕೋಟೆ
ಷರತ್ತು ನನ್ನದಲ್ಲ, ಹುಡುಗರದ್ದು. ಅವರ ವಾದ: ಹೊರಗಿನವರಿಗೆ ಬೋರ್ಡು, ಗೈಡು, ಟಿಕೆಟ್ ಕೌಂಟರ್ ಎಲ್ಲಾ ಇದೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಏನಿದೆ? ಅದೂ ಸುಳ್ಳಲ್ಲ ಅಲ್ವಾ.

ಮೂರನೇ ಬ್ಲಾಕ್ ಮುನಿಯಮ್ಮ
ಹುಡುಗರನ್ನೇ ಒಂದು ಮಾತು ಕೇಳಿ. ಅವರಲ್ಲಿ ಎಷ್ಟು ಜನ ದ್ವೀಪದಲ್ಲಿ ಹುಟ್ಟಿದ್ದಾರೆ? ನನ್ನ ಮೂರು ಮಕ್ಕಳೂ ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದು. ನಮ್ಮ ಬೀದಿಯಲ್ಲಿ ಹೆಚ್ಚಿನವರದ್ದು ಅದೇ ಕಥೆ. ಸ್ವಲ್ಪ ಕಷ್ಟದ ಹೆರಿಗೆ ಅಂದರೆ ಆಂಬುಲೆನ್ಸ್ ಮೈಸೂರಿಗೇ ತಿರುಗುತ್ತೆ. ಮೊದಲನೇ ಹೆರಿಗೆ ಅಂದರೆ ತವರಿಗೆ ಹೋಗೋದು, ಅದು ಮದ್ದೂರೋ ಹುಣಸೂರೋ. ಈ ಷರತ್ತಿನ ಪ್ರಕಾರ ಇನ್ನು ನೂರು ವರ್ಷಕ್ಕೆ ನಮ್ಮ ಊರಿನವರು ಅಂತ ಒಬ್ಬರೂ ಸಿಗಲ್ಲ.

ತೆಪ್ಪ
ಮುಗೀತು. ಮುನಿಯಮ್ಮನವರು ಕೋಟೆ ಒಡೆದರು. ಫಿರಂಗಿಯೂ ಬೇಕಾಗಲಿಲ್ಲ.

ಪೂರ್ವಕೋಟೆ
😂 ಹುಡುಗರ ಗುಂಪಿಗೆ ಕಳಿಸಿದೆ. ಐದು ನಿಮಿಷ ಆಯ್ತು, ಯಾರೂ ಉತ್ತರ ಕೊಟ್ಟಿಲ್ಲ. ಒಬ್ಬ ಮಾತ್ರ "ನಾನು ಪಾಂಡವಪುರ ಆಸ್ಪತ್ರೆ" ಅಂದ.

ಮಂಡ್ಯದ ಮೇಷ್ಟ್ರು
ಹಾಗಾದರೆ ಇನ್ನೊಂದು ಬಾಗಿಲು ತೆರೆಯುತ್ತೇನೆ: ಇಲ್ಲಿ ಬೆಳೆದವರು. ಬಿ.ಎಂ.ಶ್ರೀ. ಹುಟ್ಟಿದ್ದು 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮನೆತನ ಬೆಳ್ಳೂರಿನದು. ಆದರೆ ಬಾಲ್ಯದ ಓದು ಶ್ರೀರಂಗಪಟ್ಟಣದಲ್ಲಿ. ಹೊಸಗನ್ನಡ ಕವಿತೆಗೆ ದಾರಿ ಮಾಡಿದ 'ಕಣ್ವ' ಅಕ್ಷರ ಕಲಿತದ್ದು ಈ ಊರಲ್ಲಿ ಅಂದರೆ ಗೋಡೆಯಲ್ಲಿ ಜಾಗ ಕೊಡಲೇಬೇಕು.

ಶಾಸನಪ್ರಿಯ
ಕೊಡಿ. ಹಾಗೆಯೇ ಗೋವಿಂದ ವೈದ್ಯನನ್ನೂ ಸೇರಿಸಿ. 1648ರ 'ಕಂಠೀರವ ನರಸರಾಜ ವಿಜಯ'. ಸಾಂಗತ್ಯ ಅನ್ನೋ ಹಾಡುವ ಛಂದಸ್ಸಿನಲ್ಲಿದೆ, ಓದೋಕೆ ಕಷ್ಟ ಇಲ್ಲ. ಅದರಲ್ಲಿ ಪಟ್ಟಣದ ಪೇಟೆ, ಅರಮನೆ, ನವರಾತ್ರಿ ಒಡ್ಡೋಲಗ ಎಲ್ಲಾ ಕಣ್ಣಿಗೆ ಕಟ್ಟುವ ಹಾಗೆ ಬರುತ್ತದೆ. ಮೈಸೂರು ದಸರಾ ಅಂತ ಕುಣಿಯುವವರು ಒಮ್ಮೆ ಅದನ್ನು ಓದಬೇಕು. ದಸರಾ 1610ರಲ್ಲಿ ಶುರುವಾಗಿದ್ದು ಶ್ರೀರಂಗಪಟ್ಟಣದಲ್ಲಿ. ಮೈಸೂರಿಗೆ ಹೋಗಿದ್ದು ಆಮೇಲೆ.

ಚಾಮುಂಡಿಪುರಂ
ಶುರುವಾಯಿತು ನೋಡಿ. ವಿಜಯನಗರದಲ್ಲಿ ಮಹಾನವಮಿ ಅದಕ್ಕೂ ಮುಂಚೆ ಇತ್ತು. ನೀವು ಅಲ್ಲಿಂದ ತಂದಿರಿ, ನಾವು ನಿಮ್ಮಿಂದ ತಂದೆವು. ಲೆಕ್ಕ ಸರಿ ಹೋಯ್ತು.

ಶಾಸನಪ್ರಿಯ
ತಂದಿದ್ದು ಸರಿ, ವಾಪಸ್ ಕೊಟ್ಟಿಲ್ಲವಲ್ಲ. ಈಗ ನಮಗೆ ಕಿರಂಗೂರು ಬನ್ನಿಮಂಟಪದಿಂದ ಒಂದು ಚಿಕ್ಕ ಜಂಬೂ ಸವಾರಿ. ಆನೆಯೂ ನಿಮ್ಮಿಂದಲೇ ಬರಬೇಕು.

ಚಾಮುಂಡಿಪುರಂ
ಆನೆ ಕಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ ಮೊದಲು.

ಗಂಜಾಂ ಗಿರಾಕಿ
ಮೈಸೂರಿನವರು ಮಾತ್ರ ತಗೊಂಡಿದ್ದಾ? ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋಗಿ ತಲೆ ಎತ್ತಿ ನೋಡಿ. ಮೇಲಿರುವ ದೊಡ್ಡ ತೊಲೆ, ಮರ ಎಲ್ಲಾ ನಮ್ಮ ಲಾಲ್ ಮಹಲ್ ಅರಮನೆ ಕೆಡವಿ ಸಾಗಿಸಿದ್ದು. ಸಿಂಹಾಸನದ ಹುಲಿತಲೆ ವಿಂಡ್ಸರ್‌ನಲ್ಲಿ. ಟಿಪ್ಪುವಿನ ಮರದ ಹುಲಿ ಲಂಡನ್ ಮ್ಯೂಸಿಯಂನಲ್ಲಿ. ಇಲ್ಲಿ ಅರಮನೆ ಇದ್ದ ಜಾಗದಲ್ಲಿ ಉಳಿದಿರೋದು ಬರೀ ತಳಪಾಯ, ಅದರ ಮೇಲೆ ಹುಲ್ಲು.

ರೈಲ್ವೆ ಮಾವ
ಉಳಿಸಿದ್ದನ್ನೂ ಹೇಳಿ ಮಾರಾಯ್ರೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದುಗುಂಡಿನ ಮನೆ ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಅದನ್ನು ಬುಡದ ಸಮೇತ ಎತ್ತಿ ಪಕ್ಕಕ್ಕೆ ಸಾಗಿಸಿದರು. ಹೆಚ್ಚು ಕಮ್ಮಿ ಸಾವಿರ ಟನ್ ತೂಕ. ಗಾರೆ, ಇಟ್ಟಿಗೆಯ ಕಟ್ಟಡ, ಅರ್ಧ ನೆಲದೊಳಗೆ ಹುದುಗಿತ್ತು. ಸುತ್ತ ಅಗೆದರು, ಕೆಳಗೆ ಉಕ್ಕಿನ ತೊಲೆ ತೂರಿಸಿದರು, ಜ್ಯಾಕ್ ಕೊಟ್ಟು ಮೇಲೆತ್ತಿದರು. ಆಮೇಲೆ ಇಂಚಿಂಚಾಗಿ ನೂರು ಮೀಟರಿಗೂ ಜಾಸ್ತಿ ದೂರ ತಳ್ಳಿದರು. ನಾನು ನಿಂತು ನೋಡಿದ್ದೇನೆ. ಚಲಿಸುತ್ತಿದೆ ಅಂತ ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ. ಪಕ್ಕದಲ್ಲಿ ನೆಟ್ಟ ಕಡ್ಡಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು.

ಸೀಬೆಮರ
ಅದೇ ರೈಲ್ವೆ 1880ರ ದಶಕದಲ್ಲಿ ಕೋಟೆ ಗೋಡೆ ಒಡೆದುಕೊಂಡೇ ಒಳಗೆ ಬಂದಿದ್ದು ಅನ್ನೋದನ್ನು ಮಾವ ಮರೆತರು.

ರೈಲ್ವೆ ಮಾವ
ಮರೆತಿಲ್ಲ. ಆಗ ನಾನು ಸರ್ವಿಸ್‌ನಲ್ಲಿ ಇರಲಿಲ್ಲ.

ಪಾಲಹಳ್ಳಿ ಪಕ್ಷಿ
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಹುಟ್ಟಿದವರೇ ಬೇಕು ಅಂದರೆ ರಂಗನತಿಟ್ಟಿನ ಬಣ್ಣದ ಕೊಕ್ಕರೆಗಳನ್ನು ಬರೆಸಿ. ಅವು ದೂರದಿಂದ ಬಂದು ಮೊಟ್ಟೆ ಇಡುತ್ತವೆ, ಮರಿಗಳು ಹುಟ್ಟೋದು ಇಲ್ಲೇ, ಕಾವೇರಿಯ ನಡುಗಡ್ಡೆಗಳಲ್ಲಿ. 1940ರಲ್ಲಿ ಸಲೀಂ ಅಲಿ ಹೇಳಿದ್ದಕ್ಕೆ ಮೈಸೂರು ಸರ್ಕಾರ ಧಾಮ ಮಾಡಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು.

ತೆಪ್ಪ
ಅದು ಪುರಸಭೆ ಗಡಿಯೊಳಗಿಲ್ಲ. ಅನರ್ಹ 😛

ಬೆಂಗಳೂರು ಬೈಪಾಸ್
ನಾನು ಹೊರಗಿನವನು. ಎಕ್ಸ್‌ಪ್ರೆಸ್‌ವೇ ಆದ ಮೇಲೆ ನಿಮ್ಮ ಊರು ಕಣ್ಣಿಗೇ ಬೀಳಲ್ಲ. ಮೊದಲೆಲ್ಲಾ ಮೈಸೂರಿಗೆ ಹೋಗುವಾಗ ಕೋಟೆ, ಹೊಳೆ ನೋಡಿಕೊಂಡು ಹೋಗುತ್ತಿದ್ದೆವು. ಗಂಜಾಂ ಅಂಜೂರ ಈಗಲೂ ಸಿಗುತ್ತಾ?

ಗಂಜಾಂ ಗಿರಾಕಿ
ಸಿಗುತ್ತೆ, ಆದರೆ ತೋಟ ಕಡಿಮೆಯಾಗಿದೆ. ಸೈಟ್ ಮಾಡಿದರೆ ಬರುವ ದುಡ್ಡು ಅಂಜೂರದಲ್ಲಿ ಬರಲ್ಲ. ರಸ್ತೆ ಬದಿ ಬುಟ್ಟಿಯಲ್ಲಿ ಇಟ್ಟಿದ್ದನ್ನೆಲ್ಲಾ ಗಂಜಾಂದು ಅಂತ ನಂಬಬೇಡಿ. ಹಣ್ಣಿನ ತುದಿ ಸ್ವಲ್ಪ ಬಿರಿದಿರಬೇಕು, ತೊಟ್ಟು ಬಾಗಿರಬೇಕು. ಬೆಳಗ್ಗೆ ಕಿತ್ತಿದ್ದನ್ನು ಸಂಜೆಯೊಳಗೆ ತಿನ್ನಬೇಕು. ಬೆಂಗಳೂರು ತಲುಪುವ ಹೊತ್ತಿಗೆ ಜಜ್ಜಿ ಹೋಗಿರುತ್ತೆ. ಅದಕ್ಕೇ ನಮ್ಮ ಅಂಜೂರದ ಹೆಸರು ದೂರ ಹೋಯಿತು, ಹಣ್ಣು ಹೋಗಲಿಲ್ಲ.

ಕರಾವಳಿ ಹುಡುಗಿ
ಪಟ್ಟಿಯಲ್ಲಿ ಹೆಂಗಸರು ಎಷ್ಟು? ಇದುವರೆಗೆ ಒಬ್ಬ ಹೊನ್ನಮ್ಮ, ಅವಳೂ ಎಳಂದೂರಿಗೆ ಹೋದಳು. ಲಕ್ಷ್ಮಮ್ಮಣ್ಣಿ ಏನಾದರು? ಹೈದರ್ ಕಾಲದಿಂದ 1799ರವರೆಗೆ ಇದೇ ಕೋಟೆಯೊಳಗೆ ಕಾವಲಲ್ಲಿ ಕೂತು, ಮದ್ರಾಸಿನ ಇಂಗ್ಲಿಷರಿಗೆ ಗುಟ್ಟಾಗಿ ದೂತರನ್ನು ಕಳಿಸಿ, ಮೊಮ್ಮಗ ಮುಮ್ಮಡಿಗೆ ರಾಜ್ಯ ಕೊಡಿಸಿದ ಹೆಂಗಸು. ನಿಮಗೆ ಅವರ ರಾಜಕೀಯ ಇಷ್ಟ ಇರಲಿ ಬಿಡಲಿ, ಗಟ್ಟಿತನ ನೋಡಿ.

ಗಂಜಾಂ ಗಿರಾಕಿ
ಸುಲ್ತಾನರ ವಿರುದ್ಧ ಪಿತೂರಿ ಮಾಡಿದವರು ಅಂತಲೂ ಹೇಳಬಹುದು.

ಕರಾವಳಿ ಹುಡುಗಿ
ಹೇಳಿ. ಅದೂ ಗೋಡೆಯಲ್ಲಿ ಬರಲಿ. ಪಿತೂರಿ ಮಾಡೋಕೆ ತಲೆ ಬೇಕು.

ಮಂಡ್ಯದ ಮೇಷ್ಟ್ರು
ಇಬ್ಬರೂ ಸರಿ 🙂 ಪೂರ್ವಕೋಟೆಯವರೇ, ನನ್ನ ಸಲಹೆ: ಗೋಡೆಯನ್ನು ಮೂರು ಭಾಗ ಮಾಡಿ. ಹುಟ್ಟಿದವರು, ಬೆಳೆದವರು, ಬಾಳಿದವರು. ಮೊದಲನೆಯದರಲ್ಲಿ ಮುಮ್ಮಡಿ, ಗುಲಾಮ್ ಮೊಹಮ್ಮದ್. ಎರಡನೆಯದರಲ್ಲಿ ಬಿ.ಎಂ.ಶ್ರೀ. ಮೂರನೆಯದಕ್ಕೆ ಜಾಗ ಸಾಲದು, ಈಗಲೇ ಹೇಳಿಬಿಡುತ್ತೇನೆ.

ಶಾಸನಪ್ರಿಯ
ತಿರುಮಲಾರ್ಯ, ಸಿಂಗರಾರ್ಯ ಯಾವ ಭಾಗಕ್ಕೆ? ತಂದೆ ಪಟ್ಟಣದವರು ಅಂದರೆ ಮಕ್ಕಳು ಹುಟ್ಟಿದವರ ಸಾಲಿಗೇ ಬರಬೇಕು.

ಸೀಬೆಮರ
"ಇನ್ನೆಲ್ಲಿ ಹುಟ್ಟುತ್ತಾರೆ" ಅನ್ನೋದು ಆಧಾರ ಅಲ್ಲ ಅಂತ ಆಗಲೇ ಯಾರೋ ಹೇಳಿದ್ದರು. ಯಾರು ನೆನಪಿದೆಯಾ?

ಶಾಸನಪ್ರಿಯ
ಪುರಾಣಿಕರ ಮಕ್ಕಳ ವಿಷಯ ಬೇರೆ.

ಗಂಜಾಂ ಗಿರಾಕಿ
ಹೇಗೆ ಬೇರೆ???

ಶಾಸನಪ್ರಿಯ
ಊಟ ಮಾಡಿ ಬಂದು ಹೇಳುತ್ತೇನೆ.

ಕಲ್ಕತ್ತಾ ಕನ್ನಡಿಗ
ಅವರು ಬರುವವರೆಗೆ ನನ್ನದೊಂದು. ಭಾನುವಾರ ಧರ್ಮತಲಾ ಕಡೆ ಹೋಗುತ್ತೇನೆ. ಮಸೀದಿಯ ಫೋಟೋ ಬೇಕಾದರೆ ಹೇಳಿ, ಎದುರಿನ ಫುಟ್‌ಪಾತ್‌ನಿಂದ ಗುಮ್ಮಟ, ಮಿನಾರು ಎಲ್ಲಾ ಚೆನ್ನಾಗಿ ಬರುತ್ತೆ. ರಸ್ತೆಯ ಹೆಸರಿನ ಫಲಕವೂ ತೆಗೆದು ಕಳಿಸುತ್ತೇನೆ, ಬಂಗಾಳಿಯಲ್ಲಿ ಇರುತ್ತೆ.

ಮೂರನೇ ಬ್ಲಾಕ್ ಮುನಿಯಮ್ಮ
ಕಳಿಸಿ. ಬರುವಾಗ ಸಂದೇಶ್ ಮಿಠಾಯಿ ಕೂಡ ತನ್ನಿ, ಬದಲಿಗೆ ಅಂಜೂರ ಕೊಡುತ್ತೇವೆ. ಗಂಜಾಂ ಗಿರಾಕಿಯವರು ಆರಿಸಿ ಕೊಡಲಿ.